ಆರು ಪಟ್ಟಿ, ಒಂದೇ ಅಲೆ

ನನ್ನ ಅಕ್ಕ ಹೊರಗೆ ಕೂಡುವ ದಿನ ಕಮಲಾಪುರದ ಅವಳ ಅತ್ತೆಮನೆಯಲ್ಲಿ ಎಲ್ಲರಿಗೂ ಬಾಯಿಪಾಠವಾಗಿತ್ತು. ಅಮಾವಾಸ್ಯೆ ಕಳೆದು ಮೂರನೆಯ ದಿನ ಬೆಳಗಾದರೆ ಅವಳು ಹಿತ್ತಲ ಪಡಸಾಲೆಯ ಮೂಲೆಯಲ್ಲಿ ಗೋಣಿತಟ್ಟು ಹಾಸಿಕೊಂಡು ಕೂತಿರುತ್ತಿದ್ದಳು. ಮೂರು ದಿನ ತಾಟು ಬೇರೆ, ತಂಬಿಗೆ ಬೇರೆ, ಯಾರನ್ನೂ ಮುಟ್ಟುವಂತಿಲ್ಲ. ನಾಲ್ಕನೆಯ ದಿನ ತಲೆಗೆ ನೀರು ಹಾಕಿಕೊಂಡು ಒಳಗೆ. ಆ ಮೂಲೆಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅಕ್ಕನ ದಿನ ಒಮ್ಮೆಯೂ ಹಿಂದೆಮುಂದೆ ಆಗುವುದಿಲ್ಲವೆಂಬುದು ನನಗೊಂದು ವಿಚಿತ್ರ ಹೆಮ್ಮೆಯ ವಿಷಯವಾಗಿತ್ತು. ಆ ಹೆಮ್ಮೆಯೇ ನನ್ನನ್ನು ಮೂರ್ಖಳನ್ನಾಗಿ ಮಾಡಿತು.

ತೊಂಬತ್ತರ ದಶಕದ ನಡುವಿನ ಮಾತು. ನಾನು ಕಲಬುರಗಿಯ ಒಂದು ವೈದ್ಯಕೀಯ ಕಾಲೇಜಿನ ಫಿಸಿಯಾಲಜಿ ವಿಭಾಗದಲ್ಲಿ ಲ್ಯಾಬ್ ಟೆಕ್ನಿಶಿಯನ್ ಆಗಿದ್ದೆ. ಕುಸನೂರಿನಲ್ಲಿ ಒಂದು ಬಾಡಿಗೆ ಕೋಣೆ, ಒಂದು ಸೈಕಲ್ಲು, ಇಪ್ಪತ್ತಾರು ವರ್ಷ, ಮದುವೆಯಿಲ್ಲ, ಮೂಗಿನ ತುದಿಯಲ್ಲಿ ಸಿಟ್ಟು. ವಿಭಾಗದ ಮುಖ್ಯಸ್ಥೆ ಮೈಸೂರು ಕಡೆಯ ಮೇಡಂ. ಹೆಂಗಸರ ಮುಟ್ಟಿನ ತಿಂಗಳಲ್ಲಿ ರಕ್ತನಾಳಗಳು ಯಾವಾಗ ಮೆತ್ತಗಿರುತ್ತವೆ, ಯಾವಾಗ ಬಿಗಿಯಾಗುತ್ತವೆ ಎಂಬುದನ್ನು ಅವರು ಅಳೆಯಲು ಹೊರಟಿದ್ದರು. ಇದನ್ನು ಅವರು ಮೊದಲ ಸಲ ಹೇಳಿದಾಗ ನಾನು ಬೆಕ್ಕಸಬೆರಗಾಗಿದ್ದೆ. ಮುಟ್ಟು ಎಂದರೆ ಹೊಟ್ಟೆನೋವು, ಬಟ್ಟೆ, ಮೂಲೆ, ಇಷ್ಟೇ ಎಂದುಕೊಂಡವಳು ನಾನು. ಅದು ಬೆರಳ ತುದಿಯ ನಾಳದವರೆಗೂ ಹೋಗಿ ಕೈಯಾಡಿಸುತ್ತದೆ ಎಂದು ಯಾರು ಹೇಳಿದ್ದರು?

ಯಂತ್ರ ದೊಡ್ಡದೇನಲ್ಲ. ಬೆರಳ ತುದಿಗೆ ಒಂದು ಕ್ಲಿಪ್ಪು, ಅದರೊಳಗೆ ಸಣ್ಣ ದೀಪ. ನಾಡಿ ಬಡಿದಾಗಲೆಲ್ಲ ಲೇಖನಿ ಕಾಗದದ ಪಟ್ಟಿಯ ಮೇಲೆ ಒಂದು ಅಲೆ ಎಳೆಯುತ್ತಿತ್ತು. ಅಲೆ ಏರಿ ಇಳಿಯುವಾಗ ನಡುವೆ ಒಂದು ಸಣ್ಣ ತಗ್ಗು, ಆಮೇಲೆ ಮತ್ತೊಂದು ಪುಟ್ಟ ಏರು. ನಾಳ ಮೆತ್ತಗಿದ್ದರೆ ಆ ತಗ್ಗು ಸ್ಪಷ್ಟವಾಗಿ ಕಾಣುತ್ತದೆ. ಬಿಗಿಯಾದಷ್ಟೂ ಅದು ಮುಚ್ಚಿಹೋಗುತ್ತದೆ, ವಯಸ್ಸಾದವರಲ್ಲಿ ಕಾಣುವುದೇ ಇಲ್ಲ. ಪರೀಕ್ಷೆಗೆ ಬಂದ ಹೆಂಗಸರಿಗೆ ನಾನು ರೊಟ್ಟಿಯ ಮಾತು ಹೇಳುತ್ತಿದ್ದೆ. ಬಿಸಿ ರೊಟ್ಟಿ ಹೇಗೆ ಮಡಿಚಿದರೆ ಹಾಗೆ ಮಡಿಚಿಕೊಳ್ಳುತ್ತದೆ, ಖಡಕ್ ರೊಟ್ಟಿ ಮಡಿಚಲು ಹೋದರೆ ಮುರಿಯುತ್ತದೆ, ನಾಳವೂ ಅಷ್ಟೇ. ಅವರು ನಕ್ಕು ಬೆರಳು ಕೊಡುತ್ತಿದ್ದರು.

ಒಬ್ಬೊಬ್ಬರಿಗೂ ತಿಂಗಳಿಗೆ ಮೂರು ಪಟ್ಟಿ. ಮುಟ್ಟಿನ ಎರಡನೆಯ ದಿನ ಒಂದು, ಹನ್ನೆರಡು ಹದಿಮೂರನೆಯ ದಿನ ಒಂದು, ಮೂರನೆಯ ವಾರ ಕಳೆದ ಮೇಲೆ ಒಂದು. ಈಸ್ಟ್ರೋಜನ್ ಏರುವ ನಡುದಿನಗಳಲ್ಲಿ ನಾಳ ಸಡಿಲವಾಗಬೇಕು, ಮುಟ್ಟಿನ ದಿನಗಳಲ್ಲಿ ಅಷ್ಟಿರಬಾರದು ಎಂಬುದು ಮೇಡಂ ಲೆಕ್ಕ. ಎಲ್ಲರಲ್ಲೂ ಒಂದೇ ಸಮನಾಗಿ ಕಾಣುವುದಿಲ್ಲ ಎಂದೂ ಅವರೇ ಹೇಳುತ್ತಿದ್ದರು. ನಾನು ನನ್ನ ಬೆರಳನ್ನೇ ಮೊದಲು ಕೊಟ್ಟಿದ್ದೆ. ನನ್ನ ಮೂರು ಪಟ್ಟಿಗಳು ಮೂರು ಥರ ಬಂದವು. ನನ್ನದೇ ರಕ್ತ ನನಗೆ ಹೇಳದೆ ಇಷ್ಟೆಲ್ಲ ಮಾಡುತ್ತಿತ್ತಲ್ಲ ಎಂದು ಆ ದಿನ ಊಟವೂ ಸರಿಯಾಗಿ ಸೇರಲಿಲ್ಲ.

ತೊಂದರೆ ಇದ್ದದ್ದು ದಿನದ ಲೆಕ್ಕದಲ್ಲಿ. ನಮ್ಮ ಕಡೆಯ ಹೆಂಗಸರು ತಿಂಗಳನ್ನು ಎಣಿಸುವುದು ತಲೆಗೆ ನೀರು ಹಾಕಿಕೊಂಡ ದಿನದಿಂದ. ಮೇಡಂ ಹನ್ನೆರಡನೆಯ ದಿನ ಬನ್ನಿ ಎಂದರೆ ಇವರು ಹದಿನೈದನೆಯ ದಿನ ಬಂದು ನಿಲ್ಲುತ್ತಿದ್ದರು. ಮೇಡಂ ತಲೆ ಚಚ್ಚಿಕೊಂಡರು. "ದಿನ ತಪ್ಪದೆ ಬರುವವರು ಯಾರಾದರೂ ಇದ್ದರೆ ಹೇಳಮ್ಮ" ಎಂದಾಗ ನಾನು ಹಿಂದೆಮುಂದೆ ನೋಡದೆ ಅಕ್ಕನ ಹೆಸರು ಕೊಟ್ಟೆ.

ಅಕ್ಕನಿಗೆ ಆಗ ಮೂವತ್ತನಾಲ್ಕು. ಮದುವೆಯಾಗಿ ಹದಿನೇಳು ವರ್ಷ, ಮಕ್ಕಳಿಲ್ಲ. ಅವಳ ಗಂಡನನ್ನು ನಾನು ಮಾಮಾ ಎನ್ನುತ್ತಿದ್ದೆ. ಟೆಂಪೊ ಓಡಿಸುತ್ತಿದ್ದ, ಒಳ್ಳೆಯವ, ಆದರೆ ಹಿರಿಯರು ಕೂಡು ಎಂದರೆ ಕೂತ, ಏಳು ಎಂದರೆ ಎದ್ದ. ಅತ್ತೆ ಮಾತ್ರ ಗಟ್ಟಿ ಹೆಂಗಸು. ಮನೆಯ ಬೀಗದ ಕೈ ಅವಳ ಸೊಂಟದಲ್ಲಿ, ಮನೆಯವರೆಲ್ಲರ ನಾಲಿಗೆ ಅವಳ ಮುಷ್ಟಿಯಲ್ಲಿ ಎಂಬುದು ನನ್ನ ಅಭಿಪ್ರಾಯವಾಗಿತ್ತು. ಅಕ್ಕನನ್ನು ಕಳಿಸಲು ಅವಳು ಒಪ್ಪಲಿ ಎಂದು ನಾನು ಒಂದು ಸುಳ್ಳು ಹೇಳಿದೆ. "ಯವ್ವಾ, ದೊಡ್ಡ ಡಾಕ್ಟರು ಪರೀಕ್ಷಾ ಮಾಡಾಕತ್ತಾರ. ಮಕ್ಕಳಾಗೂದಕ್ಕೂ ಉಪಯೋಗ ಆಗ್ತದ" ಅಂದೆ. ಅವಳು ನನ್ನ ಮುಖವನ್ನೇ ಬಹಳ ಹೊತ್ತು ನೋಡಿದಳು. "ಕರಕೊಂಡ ಹೋಗು. ಹೊರಗಾದ ದಿನಾನೂ ಬರಬೇಕಂದ್ರ ಬರ್ಲಿ, ಬಸ್ಸಿನ್ಯಾಗ ಹಿಂದ ಕೂಡ್ಲಿ" ಅಂದಳು. ಅಷ್ಟು ಸುಲಭವಾಗಿ ಒಪ್ಪಿದ್ದು ನನಗೆ ಆಶ್ಚರ್ಯ. ಅಕ್ಕನೇ ತಲೆ ತಗ್ಗಿಸಿಕೊಂಡು ಬ್ಯಾಡ ಬ್ಯಾಡ ಎಂದಿದ್ದಳು, ನಾನೇ ಕೇಳಲಿಲ್ಲ.

ಎರಡು ತಿಂಗಳು ಅವಳು ನಾವು ಹೇಳಿದ ದಿನಕ್ಕೆ ಸರಿಯಾಗಿ ಬಂದಳು. ಮುಟ್ಟಿನ ಎರಡನೆಯ ದಿನ ಬಂದಾಗ ಕೈಯಲ್ಲಿ ತನ್ನದೇ ನೀರಿನ ಬಾಟಲಿ ಇರುತ್ತಿತ್ತು, ಸ್ಟೂಲಿನ ಅಂಚಿಗೆ ಕೂಡುತ್ತಿದ್ದಳು. ನಾನು ಅವಳನ್ನು ಗೇಲಿ ಮಾಡುತ್ತ ಕ್ಲಿಪ್ಪು ಹಾಕುತ್ತಿದ್ದೆ.

ಆರನೆಯ ಪಟ್ಟಿ ಮುಗಿದ ವಾರ ಮೇಡಂ ನನ್ನನ್ನು ಕರೆದರು. ಮೇಜಿನ ಮೇಲೆ ಆರೂ ಪಟ್ಟಿಗಳನ್ನು ಒಂದರ ಕೆಳಗೊಂದು ಹಾಸಿದ್ದರು.

"ಇವರ ವಯಸ್ಸು ತಪ್ಪಾಗಿ ಬರೆದಿದ್ದೀಯಾ?"

"ಇಲ್ಲ ಮೇಡಂ. ನನ್ನ ಸ್ವಂತ ಅಕ್ಕ. ಮೂವತ್ತನಾಲ್ಕು."

"ಹಾಗಾದರೆ ಪಟ್ಟಿ ಅದಲುಬದಲಾಗಿರಬೇಕು. ನೋಡು, ತಗ್ಗೇ ಇಲ್ಲ. ಐವತ್ತು ದಾಟಿದವರ ಅಲೆ ಇದು. ಅದೂ ಆರಕ್ಕೆ ಆರೂ ಒಂದೇ ಥರ. ಇಷ್ಟರಿಂದಲೇ ಏನೂ ಹೇಳಲಾಗದು, ಆದರೆ ಏನಾದರೂ ಗುಳಿಗೆ ತಗೋತಿದ್ದಾರಾ, ಮುಟ್ಟು ಸರಿಯಾಗಿದೆಯಾ ಕೇಳು."

ನನಗೆ ಮೈಮೇಲೆ ಬಿಸಿನೀರು ಸುರಿದಂತಾಯಿತು. ಮುಟ್ಟು ಸರಿಯಾಗಿದೆಯಾ ಅಂತೆ! ಇಡೀ ಕಮಲಾಪುರದಲ್ಲಿ ನನ್ನ ಅಕ್ಕನಷ್ಟು ಸರಿಯಾಗಿ ಹೊರಗೆ ಕೂಡುವವಳು ಯಾರಿದ್ದಾರೆ? ಯಂತ್ರವೇ ಕೆಟ್ಟಿರಬೇಕು ಎಂದು ಅಂದೇ ಅದನ್ನು ಬಿಚ್ಚಿ ಒರೆಸಿ, ನನ್ನ ಬೆರಳಿಗೆ ಹಾಕಿ ನೋಡಿದೆ. ಯಂತ್ರ ಸರಿಯಾಗಿತ್ತು. ತಗ್ಗು ಸ್ಪಷ್ಟವಾಗಿ ಕಂಡಿತು.

ಮುಂದಿನ ಅಮಾವಾಸ್ಯೆ ಕಳೆದು ನಾಲ್ಕನೆಯ ದಿನ ರಜೆ ಹಾಕಿ ಕಮಲಾಪುರದ ಬಸ್ಸು ಹತ್ತಿದೆ. ಅಕ್ಕ ಮೂಲೆಯಲ್ಲಿ ತಟ್ಟಿನ ಮೇಲೆ ಕೂತು ತೊಗರಿಬೇಳೆ ಆರಿಸುತ್ತಿದ್ದಳು. ಹೊರಗಾದವಳು ಮಾಡಬಹುದಾದ ಕೆಲಸ ಅದೊಂದೇ. ನಾನು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ, ಕಿಬ್ಬೊಟ್ಟೆ ಹಿಡಿದುಕೊಂಡಿತು. ಐದು ದಿನ ಮೊದಲೇ ನನ್ನದು ಬಂದುಬಿಟ್ಟಿತ್ತು. ಊರ ಹೆಂಗಸರ ದಿನಗಳನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದಿಡುವವಳ ಲೆಕ್ಕ ಎಂದೂ ಸರಿಬಂದದ್ದಿಲ್ಲ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯಲ್ಲಿ ಕೊಂಡ ಪ್ಯಾಡು ಕುಸನೂರಿನ ಕೋಣೆಯಲ್ಲಿತ್ತು.

ಅತ್ತೆ ನನ್ನ ಮುಖ ನೋಡಿಯೇ ತಿಳಿದುಕೊಂಡಳು. "ನೀನೂ ಅಲ್ಲೇ ಕೂಡು ಮಗಳ" ಎಂದು ಇನ್ನೊಂದು ತಟ್ಟು ಒಗೆದು ಹೋದಳು. ಹತ್ತು ವರ್ಷ ಬೈದುಕೊಂಡ ಮೂಲೆಯಲ್ಲಿ ಕೊನೆಗೂ ನಾನು ಕೂತೆ.

"ಅಕ್ಕಾ, ಒಂದು ಅರಿಬಿ ಕೊಡು" ಅಂದೆ.

ಅಕ್ಕನ ಕೈ ಬೇಳೆಯಲ್ಲೇ ನಿಂತಿತು. "ತಡಿ, ಪಕ್ಕದ ಮನ್ಯಾಗಿಂದ ತರಸ್ತೀನಿ."

"ನಿನ್ನ ಗಂಟ ಇಲ್ಲೇ ಅದಲ್ಲ!"

ಅವಳ ಬೆನ್ನ ಹಿಂದೆ ಮುಟ್ಟಿನ ಬಟ್ಟೆಯ ಗಂಟು ಇತ್ತು. ಬ್ಯಾಡ ಎನ್ನುವುದರೊಳಗೆ ಎಳೆದು ಬಿಚ್ಚಿದೆ. ಮೇಲಿನ ಎರಡು ಅರಿಬಿ ಹಸಿ ಇದ್ದವು, ಕಲೆಯ ಗುರುತೇ ಇಲ್ಲ. ಅವುಗಳ ಕೆಳಗಿನವು ಮಡಿಕೆ ಮಡಿಕೆಯಲ್ಲೂ ಹಳದಿ ಹಿಡಿದಿದ್ದವು. ಒಂದನ್ನು ಬಿಡಿಸಿದರೆ ಹುಳ ತಿಂದ ತೂತುಗಳು, ಸಾಲಾಗಿ, ಮಡಿಕೆಯಷ್ಟೂ ಉದ್ದ. ತಿಂಗಳು ತಿಂಗಳು ಒಗೆಯುವ ಅರಿಬಿಗೆ ಹುಳ ಹತ್ತುವುದಿಲ್ಲ. ವರ್ಷಗಟ್ಟಲೆ ಯಾರೂ ಬಿಚ್ಚದ ಬಟ್ಟೆ ಅದು.

ನಾನು ಆ ತೂತಿನೊಳಗಿಂದ ಅಕ್ಕನನ್ನು ನೋಡಿದೆ. ಮೇಜಿನ ಮೇಲೆ ಹಾಸಿದ್ದ ಆರೂ ಪಟ್ಟಿಗಳು ಒಮ್ಮೆಲೇ ಕಣ್ಣ ಮುಂದೆ ಬಂದವು.

"ಎರಡೂವರಿ ವರ್ಷ ಆತು" ಅಂದಳು ಅಕ್ಕ, ಬೇಳೆ ನೋಡುತ್ತಲೇ. "ಆಗ ಒಂದು ತಿಂಗಳು ತಪ್ಪಿತು, ಬಸುರಾಗೀನಿ ಅಂದಕೊಂಡೆ. ಅದಕ್ಕ ಮೊದಲ ಒಮ್ಮಿ ತಪ್ಪಿತ್ತು ನೋಡು, ಆಗ ಮಂದಿಗೆಲ್ಲ ಪೇಢೆ ಹಂಚಿ, ಆಮ್ಯಾಲ ಮಾರಿ ಎತ್ತಿ ಅಡ್ಡಾಡದಂಗ ಆಗಿತ್ತು. ಈ ಸಲ ಗಟ್ಟಿ ಆಗೂ ತನಕ ಯಾರಿಗೂ ತಿಳಿಯೂದು ಬ್ಯಾಡಂತ ಸುಮ್ನ ಬಂದು ಇಲ್ಲಿ ಕೂತೆ. ಬಸುರು ಮುಚ್ಚಾಕ ಕೂತಾಕಿ ನಾ. ಬಸುರಿಲ್ಲ, ಏನಿಲ್ಲ. ಮೈ ಒಮ್ಮಿಂದೊಮ್ಮಿಗೆ ಕುದ್ದಂಗ ಆಗತಿತ್ತು, ಬೆವರತಿತ್ತು. ಆಗ ತಿಳೀತು ನಿಂತದ ಅಂತ. ಅಷ್ಟೊತ್ತಿಗೆ ಇಲ್ಲಿ ಕೂಡೂದು ರೂಢಿ ಆಗಿತ್ತು."

"ಹೇಳಬಾರದಿತ್ತೇನು?"

"ಯಾರಿಗೆ ಹೇಳ್ಲಿ? ನಮ್ಮ ಸಣ್ಣ ಮಾವ, ಅತ್ತಿ ಮೈದುನ, ಮಹಾಗಾಂವದಾಗ ಹೆಣ್ಣು ನೋಡಿ ಬಂದಾನ, ನಿಮ್ಮ ಮಾಮಾಗ ಎರಡನೇ ಸಂಬಂಧ ಮಾಡೂನು ಅಂತ. ಅವತ್ತ ಅತ್ತಿ ಏನಂದ್ಲು ಗೊತ್ತದೇನು? ಆಕಿ ಇನ್ನಾ ಹೊರಗ ಕೂಡ್ತಾಳ, ಒಂದು ವರ್ಷ ನೋಡೂನು ಅಂದ್ಲು. ಪ್ರತಿ ವರ್ಷ ಇದನ್ನೇ ಅಂತಾಳ. ಈ ಮೂಲ್ಯಾಗ ಕೂತಿದ್ದಕ್ಕ ಈ ಮನ್ಯಾಗ ಇದ್ದೀನಿ ತಂಗಿ. ಎದ್ದೆ ಅಂದ್ರ ಹೋದೆ."

ಅವಳು ದಿನಕ್ಕೆರಡು ಸಲ ಎರಡು ಅರಿಬಿಯನ್ನು ಸುಮ್ಮನೆ ನೀರಿಗೆ ಅದ್ದಿ, ಹಿಂಡಿ, ಅತ್ತೆಯ ಕಣ್ಣಿಗೆ ಬೀಳುವಂತೆ ಗೋಡೆಯ ಹಿಂದೆ ಹರವುತ್ತಿದ್ದಳಂತೆ. ದಿನ ನೆನಪಿಟ್ಟುಕೊಳ್ಳಲು ಕ್ಯಾಲೆಂಡರಿನ ಅಮಾವಾಸ್ಯೆ. ಗೋಡೆಯ ಮೇಲಿನ ಕ್ಯಾಲೆಂಡರನ್ನು ನಾನು ಅಕ್ಕನ ಮೈ ಎಂದುಕೊಂಡು ಹೆಮ್ಮೆಪಟ್ಟಿದ್ದೆ. ಜಗತ್ತಿನ ಹೆಂಗಸರೆಲ್ಲ ಮುಟ್ಟಾದದ್ದನ್ನು ಮುಚ್ಚಿಡುತ್ತಾರೆ. ನನ್ನ ಅಕ್ಕ ಇಲ್ಲದ ಮುಟ್ಟನ್ನು ಮೂವತ್ತು ತಿಂಗಳು ಹೊತ್ತುಕೊಂಡಿದ್ದಳು.

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ವರ್ಷ ವರ್ಷ ಗಡುವು ಕೊಟ್ಟು ಕುತ್ತಿಗೆ ಹಿಡಿದವಳು ಈ ಮುದುಕಿ, ಇಂದು ಇವಳ ನೀರಿಳಿಸುತ್ತೇನೆ ಎಂದು ಎದ್ದೆ. ಅಕ್ಕ ನನ್ನ ಮಣಿಕಟ್ಟು ಹಿಡಿದು ಕೂರಿಸಿದಳು. ಇಬ್ಬರೂ ಹೊರಗಾದವರು, ಮುಟ್ಟಲು ಅಡ್ಡಿಯಿರಲಿಲ್ಲ.

ಮೇಡಂಗೆ ಹೇಳದೆ ವಿಧಿಯಿರಲಿಲ್ಲ. ಕೇಳಿ ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರ ಕಣ್ಣಲ್ಲಿ ನೀರು ಕಂಡದ್ದು ಅದೊಂದೇ ಸಲ. ಅಕ್ಕನ ಹೆಸರನ್ನು ಸಂಶೋಧನೆಯಿಂದ ಹೊಡೆದುಹಾಕಿ, ಆರೂ ಪಟ್ಟಿ ನನ್ನ ಕೈಗೆ ಕೊಟ್ಟರು. "ಇದು ಬರೀ ಮಕ್ಕಳ ಮಾತಲ್ಲಮ್ಮ. ಇಷ್ಟು ಬೇಗ ನಿಂತರೆ ಮೂಳೆಗೂ ಕಷ್ಟ, ರಕ್ತನಾಳಕ್ಕೂ ಕಷ್ಟ, ಮುಂದೆ ಹೃದಯಕ್ಕೂ ಕಷ್ಟ. ಸುಮ್ಮನೆ ಬಿಡಬೇಡಿ" ಎಂದು ತಮಗೆ ಗೊತ್ತಿದ್ದ ಲೇಡಿ ಡಾಕ್ಟರರ ಬಳಿ ಕಳಿಸಿದರು.

ಆ ಡಾಕ್ಟರು ರಕ್ತಪರೀಕ್ಷೆ ಮಾಡಿಸಿ ಅದನ್ನೇ ಹೇಳಿದರು. ಅಂಡಾಶಯ ಬೇಗ ಕೆಲಸ ನಿಲ್ಲಿಸಿದೆ, ಕಾರಣ ಗೊತ್ತಾಗದು, ಹಾರ್ಮೋನಿನ ಗುಳಿಗೆ ಬಹಳ ವರ್ಷ ತೆಗೆದುಕೊಳ್ಳಬೇಕು. ಅಕ್ಕ ಚೀಟಿ ಮುಟ್ಟಲೂ ಒಪ್ಪಲಿಲ್ಲ. ಮನೆಯಲ್ಲಿ ಕಾಗದ ಸಿಕ್ಕರೆ ತನ್ನ ಕತೆ ಮುಗಿಯಿತು ಎಂದು ಕುರ್ಚಿಯಿಂದ ಎದ್ದೇಬಿಟ್ಟಳು.

"ಈ ಗುಳಿಗೆ ತಗೊಂಡರೆ ತಿಂಗಳಿಗೊಮ್ಮೆ ಮುಟ್ಟು ಬರುತ್ತದೆ" ಅಂದರು ಡಾಕ್ಟರು. "ಅದರಿಂದ ಮಗು ಆಗುತ್ತದೆ ಅಂತ ಮಾತ್ರ ತಿಳಕೋಬೇಡಿ."

ಅಕ್ಕ ಮತ್ತೆ ಕೂತಳು. "ಖರೇ ಬರ್ತದೇನ್ರಿ?" ಎಂದು ಕೇಳಿದಳು. ಆ ದನಿಯನ್ನು ನಾನು ಈವರೆಗೂ ಮರೆತಿಲ್ಲ. ತಾನು ಎರಡೂವರೆ ವರ್ಷ ಆಡಿದ ಸುಳ್ಳು ಒಂದು ಗುಳಿಗೆಯಿಂದ ನಿಜವಾಗುತ್ತದೆ ಎಂಬುದನ್ನು ಅವಳು ನಂಬಲಾರದೆ ನನ್ನತ್ತ ನೋಡಿದಳು, ಡಾಕ್ಟರತ್ತ ನೋಡಿದಳು, ಆಮೇಲೆ ನಕ್ಕಳು.

ಗುಳಿಗೆಯನ್ನು ಅವಳು ಶಾವಿಗೆ ಡಬ್ಬಿಯ ತಳದಲ್ಲಿ ಬಚ್ಚಿಟ್ಟಳು. ನಾನು ತಿಂಗಳಿಗೊಮ್ಮೆ ಹೋಗಿ ಗುಳಿಗೆಯ ಹೊಸ ಪಟ್ಟಿ ಕೊಟ್ಟುಬರುತ್ತಿದ್ದೆ. ಮೊದಲನೆಯ ತಿಂಗಳೇ ಕಮಲಾಪುರದ ಎಸ್‌ಟಿಡಿ ಬೂತಿನಿಂದ ನಮ್ಮ ವಿಭಾಗಕ್ಕೆ ಫೋನು ಬಂತು. "ತಂಗೀ, ಬಂತು! ಆದ್ರ ಅಮಾಸಿ ಆಗಿ ಎಂಟು ದಿನಕ್ಕ ಬಂತು. ಈ ಸಲ ಮೊದಲ ಒಮ್ಮಿ ಸುಳ್ಳ ಕೂತು ಎದ್ದೀನಿ, ಈಗ ಮತ್ತ ಕೂಡಬೇಕಾತು. ಅತ್ತಿ ನೋಡಿದ್ಲು, ಏನೂ ಅನ್ಲಿಲ್ಲ." ಅಕ್ಕನ ದನಿಯಲ್ಲಿ ಹೆದರಿಕೆಯೂ ಇತ್ತು, ಸಂತೋಷವೂ ಇತ್ತು. ದಿನ ಬದಲಾದದ್ದನ್ನು ಆ ಮುದುಕಿ ಗಮನಿಸದೆ ಇರುತ್ತಾಳೆಯೇ?

ಏಳೆಂಟು ತಿಂಗಳು ಏನೂ ಆಗಲಿಲ್ಲ. ಆಮೇಲೆ ಪರೀಕ್ಷೆಗಳ ಗಡಿಬಿಡಿಯಲ್ಲಿ ಒಂದು ತಿಂಗಳು ನಾನು ಕಮಲಾಪುರಕ್ಕೆ ಹೋಗಲಾಗಲಿಲ್ಲ. ಒಂದು ಮಧ್ಯಾಹ್ನ ಲ್ಯಾಬಿನ ಬಾಗಿಲಲ್ಲಿ ಅಕ್ಕನ ಅತ್ತೆ ನಿಂತಿದ್ದಳು, ಒಬ್ಬಳೇ. ಕಂಕುಳಲ್ಲಿ ಸೂಪರ್ ಮಾರ್ಕೆಟ್ಟಿನ ಬಟ್ಟೆ ಅಂಗಡಿಯ ಚೀಲ. ಒಳಗೆ ಬಂದು ಸ್ಟೂಲಿನ ಮೇಲೆ ಕೂತು, ಸೆರಗಿನ ಗಂಟು ಬಿಚ್ಚಿ ಖಾಲಿಯಾದ ಗುಳಿಗೆಯ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟಳು.

ಎಲ್ಲ ಮುಗಿಯಿತು ಎಂದುಕೊಂಡೆ. ಅಕ್ಕ ಗಂಟು ಕಟ್ಟಿಕೊಂಡು ಬಸ್‌ಸ್ಟ್ಯಾಂಡಿನಲ್ಲಿ ಕೂತಿರುವುದೂ ಕಣ್ಣಿಗೆ ಕಂಡಿತು.

"ಇವು ತೀರ್ಯಾವ" ಅಂದಳು ಅತ್ತೆ. "ನಾಕು ದಿನ ಆತು, ಆಕಿ ಖಾಲಿ ಡಬ್ಬಿ ನೋಡಿ ನೋಡಿ ಮುಚ್ಚಿಡ್ತಾಳ. ನಿನಗ ತ್ರಾಸ ಅಂತ ಫೋನ್ ಮಾಡಿಲ್ಲ. ನಾಕು ದಿನ ತಪ್ಪಿದ್ರ ಏನರೆ ಆಗ್ತದೇನು?"

ನಾನು ಖಾಲಿ ಪಟ್ಟಿಯನ್ನೊಮ್ಮೆ, ಅವಳ ಮುಖವನ್ನೊಮ್ಮೆ ನೋಡಿದೆ.

"ಹಂಗ್ಯಾಕ ನೋಡ್ತಿ? ನಲವತ್ತು ವರ್ಷ ಹೆಣ್ಣಮಕ್ಕಳ ಅರಿಬಿ ನೋಡಿದಾಕಿ ನಾ. ಬರೇ ನೀರಾಗ ಅದ್ದಿದ ಅರಿಬಿ ಯಾವುದು, ಒಗದ ಅರಿಬಿ ಯಾವುದು ನನಗ ತಿಳಿಯೂದಿಲ್ಲೇನು? ಮೊದಲನೇ ವರ್ಷಕ್ಕೇ ತಿಳೀತು."

"ಮತ್ತ ಒಂದು ವರ್ಷ ನೋಡೂನು ಅಂದದ್ದು?"

"ಮತ್ತೇನ್ ಹೇಳ್ಲಿ ನನ್ನ ಮೈದುನಗ? ಹೊರಗ ಕೂಡ್ತಾಳ ಅಂದ್ರ ಅವನ ಬಾಯಿ ಮುಚ್ಚತದ. ಅದಕ್ಕ ಅಂದೆ. ಪ್ರತಿ ವರ್ಷ ಅಂದೆ."

ಅಕ್ಕನ ಕುತ್ತಿಗೆಗೆ ಬಿಗಿದ ಹಗ್ಗ ಎಂದು ನಾನು ಹಲ್ಲು ಕಡಿದ ಮಾತು ಅದು. ಆ ಮಾತನ್ನು ಬಾಗಿಲಿಗೆ ಅಡ್ಡ ಇಟ್ಟು ಈ ಮುದುಕಿ ಅಕ್ಕನನ್ನು ಕಾದಿದ್ದಳು. ನಾನು ನೀರಿಳಿಸಲು ಹೊರಟಿದ್ದು ಇವಳದ್ದು.

"ಯಾಕ ಯವ್ವಾ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

ಅವಳು ಮೇಜಿನ ಮೇಲಿನ ಕ್ಲಿಪ್ಪನ್ನು ಬೆರಳಿಂದ ತಳ್ಳಿ ನೋಡಿದಳು. "ನಾ ಆ ಮನಿಗೆ ಎರಡನೇ ಸಂಬಂಧ ಆಗಿ ಬಂದಾಕಿ. ಮೊದಲನೇಕಿಗೆ ಮಕ್ಕಳಾಗ್ಲಿಲ್ಲ ಅಂತ ನನ್ನ ತಂದ್ರು. ನಾ ಹಡದ ಮ್ಯಾಲ ಆಕಿನ್ನ ಆ ಮೂಲ್ಯಾಗ ಕೂಡಿಸಿದ್ರು. ಮೂರು ದಿನಕ್ಕ ಅಲ್ಲ, ಸಾಯೂ ತನಕ. ತಾಟು ಬ್ಯಾರೆ, ತಂಬಿಗಿ ಬ್ಯಾರೆ. ನನ್ನ ಕೂಸನ್ನ ಆಕಿ ಒಂದ ದಿನಾ ಮುಟ್ಟಿಲ್ಲ. ನಾ ಮುಟ್ಟಗೊಡಲಿಲ್ಲ." ಸ್ಟೂಲಿನಿಂದ ಎದ್ದು, "ಏಳು, ಗುಳಿಗಿ ಕೊಡಸು. ಐದರ ಬಸ್ಸು ತಪ್ಪತದ" ಅಂದಳು.

ಔಷಧದ ಅಂಗಡಿಗೆ ನಡೆಯುತ್ತ, ನಿಮಗೆ ಗೊತ್ತಿದೆ ಎಂದು ಅಕ್ಕನಿಗೆ ಹೇಳಲೇ ಎಂದು ಕೇಳಿದೆ. "ಬ್ಯಾಡ. ಅಂಜಿಕಿ ಇದ್ರ ದಿನಾ ತಪ್ಪದ ನುಂಗತಾಳ. ಶಾವಿಗಿ ಡಬ್ಬಿದಾಗ ನಾನೇ ಇಡ್ತೀನಿ, ಆಕಿ ಇಲ್ಲದಾಗ ನೀ ಬಂದು ಇಟ್ಟು ಹೋದಿ ಅನ್ಕೊಳ್ಲಿ" ಅಂದಳು.

ಆ ಮಾತನ್ನು ನಾನು ಉಳಿಸಿಕೊಂಡೆ. ಮಹಾಗಾಂವದ ಹೆಣ್ಣಿಗೆ ಬೇರೆಲ್ಲೋ ಮದುವೆಯಾಯಿತು, ಎರಡನೇ ಸಂಬಂಧದ ಮಾತು ತಾನಾಗಿ ನಿಂತಿತು. ಎರಡು ಸಾವಿರದ ಇಸವಿ ದಾಟಿದ ಮೇಲೆ ಅತ್ತೆ ತೀರಿಕೊಂಡಳು. ದಿನಕರ್ಮ ಮುಗಿದ ಮರುದಿನ, ಮನೆಯಲ್ಲಿ ನಾವಿಬ್ಬರೇ ಇದ್ದಾಗ ಅಕ್ಕನಿಗೆ ಎಲ್ಲ ಹೇಳಿದೆ. ಅರಿಬಿಯ ಮಾತು, ಡಬ್ಬಿಯ ಮಾತು, ಆ ಮೊದಲನೆಯವಳ ಮಾತು.

ಅಕ್ಕ ಎದ್ದು ಹಿತ್ತಲ ಪಡಸಾಲೆಗೆ ಹೋದಳು. ಅಲ್ಲಿ ತಟ್ಟು ಹಾಸಿಕೊಂಡು, ಮೂಲೆಗೆ ಬೆನ್ನು ಕೊಟ್ಟು ಕೂತು, ನಾನು ಎಂದೂ ಕೇಳಿರದಷ್ಟು ಗಟ್ಟಿಯಾಗಿ ಅತ್ತಳು. ಗುಳಿಗೆಯ ಲೆಕ್ಕದ ಪ್ರಕಾರ ಅವಳು ಹೊರಗಾಗಲು ಇನ್ನೂ ಎರಡು ವಾರ ಇತ್ತು.